ಲಾರಿ ಊರಿನ ದೋಣಿ ಪಂಖಾ

ನಾನು ನಿವೃತ್ತನಾದಾಗ ನನ್ನ ವಯಸ್ಸು ಮೂವತ್ತನಾಲ್ಕು. ಶಾಲು ಇಲ್ಲ, ಹಾರ ಇಲ್ಲ, ಎರಡು ಮಾತಾಡಿ ಅಂತ ಯಾರೂ ಮೈಕ್ ಕೊಡಲಿಲ್ಲ. ಚೈನ್ ಪುಲ್ಲಿ ಹಾಕಿ ಇಳಿಸಬೇಕಾದ ದೋಣಿ ಎಂಜಿನ್ನನ್ನು, ಪಕ್ಕದ ಶೆಡ್ಡಿನವರು ನೋಡುತ್ತಿದ್ದಾರೆ ಎಂಬ ಒಂದೇ ಕಾರಣಕ್ಕೆ, ತಬ್ಬಿಕೊಂಡು ಇಳಿಸಲು ಹೋದೆ. ಎಂಜಿನ್ ಇಳಿಯಿತು. ನಾನು ಮೇಲೇಳಲಿಲ್ಲ. ಡಾಕ್ಟರು ಬೆನ್ನಿನ ಫೋಟೊ ಬೆಳಕಿಗೆ ಹಿಡಿದು, “ತಮ್ಮಾ, ಇನ್ನ ಮ್ಯಾಲ ಊಟದ ತಾಟಿಗಿಂತ ವಜನದ್ದು ಏನೂ ಎತ್ತಬ್ಯಾಡ” ಅಂದರು. ಅಲ್ಲಿಗೆ ನನ್ನ ವೃತ್ತಿಜೀವನ ಮುಗಿಯಿತು.

ಈಗ ಹುಮನಾಬಾದಿನಲ್ಲಿ ಸಣ್ಣ ಬ್ಯಾಟರಿ ಅಂಗಡಿ ಇಟ್ಟುಕೊಂಡಿದ್ದೇನೆ. ಬ್ಯಾಟರಿಯನ್ನು ಗಿರಾಕಿಯೇ ಎತ್ತಿಕೊಂಡು ಹೋಗಬೇಕು. ಇತ್ತೀಚೆಗೆ ಹಿನ್ನೀರಿನ ಕಡೆ ದೋಣಿಗಳು ಹೆಚ್ಚಾಗಿವೆ. ಐಟಿಐ ಮುಗಿಸಿದವರು ಹುಡುಕಿಕೊಂಡು ಬಂದು, “ಅಣ್ಣಾ, ದೋಣಿ ಹಿಂದ ತೂಗೋ ಔಟ್‌ಬೋರ್ಡ್ ಎಂಜಿನ್ ಕೆಲಸ ಹ್ಯಾಂಗ?” ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಚಹಾದ ಖರ್ಚು ಜಾಸ್ತಿಯಾಗಿದೆ. ಹಾಗಾಗಿ ಬರೆದೇ ಬಿಡುತ್ತಿದ್ದೇನೆ. ಇದರಲ್ಲಿ ನಾನು ಮಾಡಿದ್ದನ್ನೆಲ್ಲ ಓದಿ, ನೀವು ಅದರ ಉಲ್ಟಾ ಮಾಡಿದರೆ ಸಾಕು, ಒಳ್ಳೆಯ ಮೇಸ್ತ್ರಿ ಆಗುತ್ತೀರಿ.

ನಾನು ದುಬಲಗುಂಡಿಯವನು, ಹೆಸರು ಸಿದ್ದಪ್ಪ. ಕೆಲಸ ಕಲಿತದ್ದು ಬಸವಕಲ್ಯಾಣದ ಆಟೋ ನಗರದಲ್ಲಿ. ಅದು ಲಾರಿಗಳ ಊರು. ಎಲ್ಲೆಲ್ಲಿಂದಲೋ ಮುದಿ ಲಾರಿಗಳು ಕೆಮ್ಮುತ್ತ ಬರುತ್ತವೆ, ಹೊಸ ಬಣ್ಣ ಬಳಿದುಕೊಂಡು ಹಾರ್ನ್ ಬಾರಿಸುತ್ತ ಹೋಗುತ್ತವೆ. ನನ್ನ ಗುರು ಇಮಾಮಸಾಬ್ ಉಸ್ತಾದ್. ಎಕ್ಸಲ್ ಮತ್ತು ಗೇರಿನ ಕೆಲಸದಲ್ಲಿ ಅವರನ್ನು ಮೀರಿಸುವವರು ಆ ಶೆಡ್ಡುಗಳ ಸಾಲಿನಲ್ಲಿ ಇರಲಿಲ್ಲ. ಕಪಾಳಕ್ಕೆ ಹೊಡೆಯುವುದರಲ್ಲಿಯೂ ಇರಲಿಲ್ಲ.

ಅವರಿಂದ ನಾನು ತಿಂದ ಹೊಡೆತಗಳಲ್ಲಿ ಒಂದನ್ನು ನೀವು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ಒಂದು ಲಾರಿಯ ಫ್ಯೂಸ್ ಮತ್ತೆ ಮತ್ತೆ ಸುಡುತ್ತಿತ್ತು. ನಾನು ಜಾಣತನದಿಂದ ಫ್ಯೂಸ್ ತೆಗೆದು ದಪ್ಪ ತಾಮ್ರದ ತಂತಿ ಸುತ್ತಿದೆ. ಫ್ಯೂಸ್ ಸುಡಲಿಲ್ಲ, ಇಡೀ ಲಾರಿಯ ವೈರಿಂಗ್ ಸುಟ್ಟಿತು. ಉಸ್ತಾದ್ ಕಿವಿ ಗುಂಯ್‌ಗುಟ್ಟುವಂತೆ ಒಂದು ಬಿಟ್ಟು, “ಬೇಟಾ, ಫ್ಯೂಸ್ ಸಾಯಾಕ ಹುಟ್ಟಿದ್ದು. ಅದಕ್ಕ ಸಾಯಾಕ ಬಿಡು” ಅಂದಿದ್ದರು.

ಆಟೋ ನಗರದ ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಕೆಟ್ಟು ನಿಂತ ಗಾಡಿಯನ್ನು ಇನ್ನೊಂದು ಗಾಡಿಗೆ ಸರಪಳಿ ಬಿಗಿದು ಎಳೆದು ತರುವುದಕ್ಕೆ ನಮ್ಮಲ್ಲಿ ಟೋಚನ್ ಅನ್ನುತ್ತಾರೆ. ಯಾವ ಶೆಡ್ಡಿನಿಂದ ರಿಪೇರಿಯಾಗಿ ಹೋದ ಗಾಡಿ ಟೋಚನ್ ಮೇಲೆ ವಾಪಸ್ ಬರುತ್ತದೋ, ಆ ಶೆಡ್ಡಿನ ಉಸ್ತಾದ್ ಸಾಲಿನ ತುದಿಗೆ ಹೋಗಿ, ಆ ಕೆಟ್ಟ ಗಾಡಿಯ ಸ್ಟೇರಿಂಗ್ ಮುಂದೆ ತಾನೇ ಕೂತು, ಎಲ್ಲರೂ ನೋಡುವಂತೆ ಶೆಡ್ಡಿನವರೆಗೆ ಬರಬೇಕು. ಇದು ಟೋಚನ್ ಸವಾರಿ. ಸಾಲಿನವರೆಲ್ಲ ಕೆಲಸ ಬಿಟ್ಟು ಹೊರಗೆ ಬಂದು ಸೀಟಿ ಹೊಡೆಯುತ್ತಾರೆ. ಇಮಾಮಸಾಬ್ ಉಸ್ತಾದ್ ಒಮ್ಮೆಯೂ ಈ ಸವಾರಿ ಮಾಡಿರಲಿಲ್ಲ. ಅವರ ಶೆಡ್ಡಿನ ಬಾಗಿಲಿಗೆ ಎಂದೂ ಬಳಸದ ಟೋಚನ್ ಸರಪಳಿ ತೂಗುತ್ತಿತ್ತು, ಅಮಾವಾಸ್ಯೆಗೊಮ್ಮೆ ಅದಕ್ಕೆ ಹೊಸ ನಿಂಬೆಹಣ್ಣು, ಮೆಣಸಿನಕಾಯಿ.

ಇಂಥ ಶೆಡ್ಡಿಗೆ ದೋಣಿ ಬಂತು.

ತಂದವರು ಹುಮನಾಬಾದಿನ ವೀರಣ್ಣ ಸಾವ್ಕಾರ್. ಕಾರಂಜಾ ಹಿನ್ನೀರಿನಲ್ಲಿ ಜನರನ್ನು ಜೋರಾಗಿ ಸುತ್ತಾಡಿಸುವ ಧಂದೆ ಮಾಡಬೇಕೆಂದು ಎರಡು ಹಳೆಯ ಸ್ಪೀಡ್‌ಬೋಟ್ ಕೊಂಡಿದ್ದರು. ಹಿಂದೆ ತೂಗುಹಾಕಿದ ಎಂಜಿನ್‌ಗಳು ಭಾರಿ ತಾಕತ್ತಿನವು. ಉಸ್ತಾದ್ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದರು.

“ಸಾವ್ಕಾರ್ರೆ, ಇದಕ್ಕ ಗಾಲಿ ಎಲ್ಲಿ?”

“ಗಾಲಿ ಇಲ್ರಿ ಇಮಾಮಸಾಬ್. ತಳದಾಗ ನೀರಾಗ ತಿರಗತದಲ್ಲ, ಆ ಪಂಖಾನೇ ಎಲ್ಲಾ.”

“ಬ್ರೇಕ್?”

“ಅದೂ ಇಲ್ರಿ.”

ಉಸ್ತಾದ್ ಗಡ್ಡ ಕೆರೆದುಕೊಂಡರು. “ಗಾಲಿ ಇಲ್ಲ, ಬ್ರೇಕ್ ಇಲ್ಲ, ಎಕ್ಸಲ್ ಇಲ್ಲ. ಅರ್ಧಾ ಕೆಲಸ ಕಮ್ಮಿ ಆಯ್ತು. ಬಿಡ್ರಿ, ಮಾಡ್ತೇವಿ.”

ಆ ಕಮ್ಮಿಯಾದ ಅರ್ಧವನ್ನು ನಾನು ಒಬ್ಬನೇ ತುಂಬಿಕೊಟ್ಟೆ.

ಮೊದಲ ದಿನವೇ ಶೆಡ್ಡಿನ ನೆಲದ ಮೇಲೆ ಲಾರಿಯಂತೆ ಚಾಲೂ ಮಾಡಿದೆ. ಈ ಎಂಜಿನ್ನು ತಣ್ಣಗಿರುವುದು ಕೆಳಗಿನಿಂದ ನೀರು ಎಳೆದುಕೊಂಡು. ನೀರು ಸಿಗದಿದ್ದರೆ ಪಂಪಿನೊಳಗಿನ ರಬ್ಬರು ಮೊದಲು ಸಾಯುತ್ತದೆ. ಸತ್ತಿತು, ವಾಸನೆಯೂ ಬಂತು. ಪಕ್ಕದ ಶೆಡ್ಡಿನಲ್ಲಿ ಟೈರು ಸುಡುತ್ತಿದ್ದಾರೆಂದು ಉಸ್ತಾದ್ ಅವರನ್ನು ಬೈದು ಬಂದರು.

ಎರಡನೆಯ ಸಲ ಎಂಜಿನ್ನಿನ ಕಾಲನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿದೆ. ಇದು ಸರಿ. ಆದರೆ ಪಂಖಾ ಬಿಚ್ಚದೆ ಇಳಿಸಿದೆ, ಇದು ತಪ್ಪು. ಆಮೇಲೆ ಗೇರ್ ಬೀಳುತ್ತದೋ ಇಲ್ಲವೋ ನೋಡೋಣ ಎಂದು ಹಾಕಿಯೂ ನೋಡಿದೆ. ಗೇರ್ ಬಿತ್ತು. ಡ್ರಮ್ಮಿನ ನೀರೆಲ್ಲ ಮೇಲೆದ್ದು, ಒಂದು ಕ್ಷಣ ಗಾಳಿಯಲ್ಲಿ ನಿಂತು, ಮದುವೆಗೆ ಹೊರಟು ದಾರಿಯಲ್ಲಿ ಇಳಿದಿದ್ದ ಸಾವ್ಕಾರರ ಬಿಳಿ ಧೋತರದ ಮೇಲೆ ಕೂತಿತು. ಅದು ಹಿಂದೆ ಗ್ರೀಸ್ ಇಟ್ಟಿದ್ದ ಡ್ರಮ್ಮು.

“ಏನಲೇ ಇದು ಸಿದ್ಯಾ?”

“ಪಂಖಾ ಚಲೋ ಅದ್ರಿ ಸಾವ್ಕಾರ್ರೆ. ನೀರು ಮಸ್ತ್ ಎಳೀತದ.”

ಅವತ್ತಿನಿಂದ ನನ್ನ ಹೆಸರು ಪಂಖಾ ಸಿದ್ಯಾ.

ಇನ್ನು ಪಂಖಾದ ಪಿಚ್. ಒಂದು ಸುತ್ತು ತಿರುಗಿದರೆ ಪಂಖಾ ನೀರನ್ನು ಕೊರೆದುಕೊಂಡು ಎಷ್ಟು ಮುಂದಕ್ಕೆ ಹೋಗಬೇಕು ಎಂಬ ಲೆಕ್ಕ ಅದು. ಎಲೆ ಹೆಚ್ಚು ಓರೆಯಾದಷ್ಟೂ ಪಿಚ್ ಹೆಚ್ಚು. ಸಾವ್ಕಾರರಿಗೆ ಸ್ಪೀಡು ಬೇಕಿತ್ತು. ಇದ್ದುದರಲ್ಲಿ ಅತಿ ಹೆಚ್ಚು ಪಿಚ್ಚಿನ ಪಂಖಾ ಹಾಕಿ, ಮಂದಿ ತುಂಬಿಸಿ ಹೊರಟೆವು. ಕಬ್ಬು ಹೇರಿದ ಲಾರಿಯನ್ನು ಟಾಪ್ ಗೇರಿನಲ್ಲಿ ಏರು ಹತ್ತಿಸಿದರೆ ಹೇಗೆ ಗೋಳಾಡುತ್ತದೋ, ಹಾಗೆ ಎಂಜಿನ್ನು ಗೋಳಾಡಿತು. ದೋಣಿ ನೀರಿನ ಮೇಲೆ ಎದ್ದು ಓಡುವ ಬದಲು ಹಿಂಭಾಗ ಹೂತು, ಮೂತಿ ಮೇಲೆ ಮಾಡಿಕೊಂಡು ಕೂತಿತು.

“ಸಿದ್ಯಾ, ಮುಂದ ಏನೂ ಕಾಣವಲ್ದಲೋ! ಬರೇ ಮುಗಿಲು ಕಾಣಾಕತ್ತದ!” ಸಾವ್ಕಾರರು ಸ್ಟೇರಿಂಗಿನಿಂದ ಕೂಗಿದರು.

“ವಿಮಾನ ಅಂತ ತಿಳ್ಕೊಳ್ರಿ!”

ಪಿಚ್ ಇಳಿಸುವ ಬದಲು ನಾನು ಮಾಡಿದ್ದು ಎಂಜಿನ್ನನ್ನೇ ಮೇಲಕ್ಕೆ ಏರಿಸುವುದು. ಎಂಜಿನ್ ಮೇಲೇರಿದಷ್ಟೂ ನೀರಿನಲ್ಲಿ ಮುಳುಗಿದ ಕಬ್ಬಿಣ ಕಡಿಮೆ, ಎಳೆತ ಕಡಿಮೆ, ಸ್ಪೀಡು ಹೆಚ್ಚು ಎಂದು ಯಾರೋ ಹೇಳಿದ್ದು ಕಿವಿಗೆ ಬಿದ್ದಿತ್ತು. ಮಾತು ಸುಳ್ಳಲ್ಲ. ಆದರೆ ನಾನು ಬೋಲ್ಟಿನ ತೂತುಗಳು ಮುಗಿಯುವವರೆಗೆ ಏರಿಸಿದೆ. ತಿರುವಿನಲ್ಲಿ ಪಂಖಾ ನೀರು ಬಿಟ್ಟು ಗಾಳಿ ಕುಡಿಯಿತು. ಎಂಜಿನ್ನು ಕಿರುಚಿತು, ದೋಣಿ ಇದ್ದಲ್ಲೇ ಇತ್ತು.

ಹೊಸಬರೇ, ಇಷ್ಟು ನೆನಪಿಡಿ. ಪಂಖಾದ ಮೇಲಿರುವ ಚಪ್ಪಟೆ ತಗಡು ದೋಣಿಯ ತಳದ ಮಟ್ಟಕ್ಕೆ ಬರುವಂತೆ ಮೊದಲು ಕೂರಿಸಿ. ಏರಿಸುವುದಿದ್ದರೆ ಒಂದೊಂದೇ ತೂತು. ಯಾವಾಗಲೂ ಹೇರುವಷ್ಟು ಮಂದಿಯನ್ನು ಹೇರಿ, ಪೂರಾ ರೇಸ್ ಕೊಟ್ಟು ಸುತ್ತಿನ ಮೀಟರ್ ನೋಡಿ. ಎಂಜಿನ್ ಕಂಪನಿಯವರು ಹೇಳಿದಷ್ಟು ಸುತ್ತು ಮುಟ್ಟದಿದ್ದರೆ ಪಿಚ್ ಇಳಿಸಿ, ದಾಟಿ ಓಡಿದರೆ ಏರಿಸಿ. ನೀರಿನ ಒತ್ತಡದ ಮುಳ್ಳು ಬಿದ್ದರೆ ನಿಮ್ಮ ಜಾಣತನ ಜಾಸ್ತಿಯಾಯಿತು, ಎಂಜಿನ್ ಕೆಳಗಿಳಿಸಿ.

ಮತ್ತೊಂದು: ಪಂಖಾದ ನಟ್ಟಿಗೆ ಹಾಕುವ ಸ್ಪ್ಲಿಟ್ ಪಿನ್ ಸಿಗಲಿಲ್ಲವೆಂದು ಮೊಳೆ ಹೊಡೆಯಬೇಡಿ. ಆಟೋ ನಗರದಲ್ಲಿ ಮೊಳೆ ಎಲ್ಲ ರೋಗಕ್ಕೂ ಔಷಧಿ. ದಂಡೆಯ ಹತ್ತಿರ ರಿವರ್ಸ್ ಹಾಕಿದ ಕೂಡಲೇ ಮೊಳೆ ಹೋಯಿತು, ನಟ್ಟು ಹೋಯಿತು, ಪಂಖಾ ತನ್ನ ದಾರಿ ಹಿಡಿಯಿತು. ಸೊಂಟಮಟ್ಟದ ನೀರಾದ್ದರಿಂದ ನಾನು ಇಳಿದು ದೋಣಿ ತಳ್ಳಿದೆ. ತಳ್ಳಿದ್ದು ಟೋಚನ್ ಹೌದೋ ಅಲ್ಲವೋ ಎಂಬ ಪ್ರಶ್ನೆ ಎದ್ದಿತು. ಉಸ್ತಾದ್ ಬಹಳ ಯೋಚನೆ ಮಾಡಿ, “ಮನಷ್ಯಾ ಎಳದ್ರ ಟೋಚನ್. ಕತ್ತೆ ತಳ್ಳಿದ್ರ ಅಲ್ಲ” ಎಂದು ತೀರ್ಪು ಕೊಟ್ಟರು.

ಆ ಪಂಖಾ ಸಿಕ್ಕಿದ್ದು ಅಂಬವ್ವಕ್ಕನ ಬಲೆಗೆ. ಅಂಬವ್ವಕ್ಕ ಅಲ್ಲೇ ಮೀನು ಹಿಡಿಯುವವಳು. ಹುಟ್ಟು ಹಾಕುವ ಅವಳ ಸಣ್ಣ ದೋಣಿ ನಮ್ಮ ಸ್ಪೀಡ್‌ಬೋಟಿನ ಹಿಂದೆ ಮುಂದೆ ಯಾವಾಗಲೂ ಇರುತ್ತಿತ್ತು, ಬಹುಶಃ ತಮಾಷೆ ನೋಡಲು. ಪಂಖಾವನ್ನು ಅವಳು ಉಪ್ಪಿನಕಾಯಿ ಗಡಿಗೆಯ ಮೇಲೆ ವಜನಕ್ಕೆ ಇಟ್ಟುಕೊಂಡಿದ್ದಳು. ಕೇಳಲು ಹೋದಾಗ, “ತಗೋ ನಿನ್ನ ಪಂಖಾ. ಗಾಳಿ ಅಂತೂ ಬರಲಿಲ್ಲ” ಅಂತ ಕೊಟ್ಟಳು.

ಇವೆಲ್ಲ ಸಣ್ಣ ಪುಟ್ಟವು. ದೊಡ್ಡದಕ್ಕೆ ಬರುತ್ತೇನೆ.

ಬೇಸಿಗೆಯಲ್ಲಿ ಹಿನ್ನೀರು ಇಳಿಯುತ್ತದೆ. ಮುಳುಗಿದ ಹೊಲಗಳ ಬಾವಿಕಟ್ಟೆಗಳು, ಗಿಡದ ಬೊಡ್ಡೆಗಳು ಮೇಲೆ ಬರದೆ, ಕೆಳಗೂ ಇರದೆ, ಸರಿಯಾಗಿ ಪಂಖಾದ ಎತ್ತರಕ್ಕೆ ಕಾದು ಕೂತಿರುತ್ತವೆ. ಒಂದು ದಿನ ಸಾವ್ಕಾರರು ಬೊಡ್ಡೆಗೆ ತಾಗಿಸಿಕೊಂಡು ಬಂದರು. ಆಮೇಲೆ ಎಂಜಿನ್ ಜೋರು ಮಾಡಿದರೂ ದೋಣಿ ಜೋರಾಗುತ್ತಿರಲಿಲ್ಲ. ಬಿಚ್ಚಿ ನೋಡಿದೆವು. ಪಂಖಾದ ಹೊಟ್ಟೆಯೊಳಗೆ, ಎಲೆಗಳಿಗೂ ಶಾಫ್ಟಿಗೂ ನಡುವೆ, ರಬ್ಬರಿನ ಬುಷ್ ಇತ್ತು. ಅದು ಜಾರಿತ್ತು.

ಉಸ್ತಾದರ ಮುಖ ಕೆಂಪಾಯಿತು. “ರಬ್ಬರ್? ಇಷ್ಟ ದೊಡ್ಡ ಎಂಜಿನ್‌ದಾಗ ಜೋರೆಲ್ಲಾ ಹಾದುಹೋಗೋ ಜಾಗಾದಾಗ ರಬ್ಬರ್? ಯಾವ ಪಾಗಲ್ ಮಾಡ್ಯಾನ ಇದು?”

“ಬೇಕಂತಲೇ ಮಾಡಿರಬೇಕ್ರಿ ಉಸ್ತಾದ್.”

“ರೊಕ್ಕಾ ಉಳಸಾಕ ಮಾಡ್ಯಾನ. ಲೇತ್ ಚಾಲೂ ಮಾಡು.”

ಲೇತಿನಲ್ಲಿ ಲಾರಿ ಎಕ್ಸಲಿನ ಉಕ್ಕಿನಿಂದ ಬುಷ್ ಕಡೆದೆವು. ಒತ್ತಿ ಕೂರಿಸಿ, ಸುತ್ತಲೂ ವೆಲ್ಡಿಂಗ್ ಹೊಡೆದೆವು. ಅಲ್ಯುಮಿನಿಯಂ ಎಲೆಯದು ತೆಗೆದು ಎಲೆಯೂ ಸ್ಟೀಲಿನದೇ ಇದ್ದ ಪಂಖಾವನ್ನು ಅದಕ್ಕೆಂದೇ ಆರಿಸಿದ್ದೆವು. ಸಾಲಿನವರೆಲ್ಲ ಬಂದು ಬೆರಳಿನಿಂದ ಬಡಿದು ನೋಡಿ, “ವಾಹ್ ಉಸ್ತಾದ್, ಇದು ಗುಡ್ಡಾ ಕಡೀತದ” ಅಂದರು. ನಾನಂತೂ ಪಂಖಾದ ಜೊತೆ ಫೋಟೊ ತೆಗೆಸಿಕೊಂಡೆ.

ಟ್ರಯಲ್ಲಿಗೆ ನಾನು, ಉಸ್ತಾದ್, ಸಾವ್ಕಾರರು ಹೊರಟೆವು. ಉಸ್ತಾದರಿಗೆ ಈಜು ಬಾರದು. ಲೈಫ್ ಜಾಕೆಟ್ಟಿನ ಮೇಲೆ ಇನ್ನೊಂದು ಲೈಫ್ ಜಾಕೆಟ್ ತೊಟ್ಟು ಮುಂದೆ ಕೂತಿದ್ದರು. ದೋಣಿ ನೀರು ಮುಟ್ಟದಂತೆ ಹಾರಿತು. ಉಸ್ತಾದ್ ಕಣ್ಣು ತೆರೆದು ನಕ್ಕಿದ್ದೇ ತಡ, ಧಡ್ ಅಂತ ಸಿಡಿಲು. ಬಾವಿಕಟ್ಟೆ. ಪಂಖಾಕ್ಕೆ ಏನೂ ಆಗಲಿಲ್ಲ, ಒಂದು ಗೆರೆಯೂ ಬೀಳಲಿಲ್ಲ. ಆ ಹೊಡೆತ ಜಾರಲು ಜಾಗವಿಲ್ಲದೆ ಸೀದಾ ಒಳಗೆ ಹೋಗಿ ಶಾಫ್ಟ್ ಬಗ್ಗಿಸಿ, ಗೇರಿನ ಹಲ್ಲುಗಳನ್ನು ಹುರಿಗಡಲೆ ಮಾಡಿತ್ತು.

ನಿಶ್ಶಬ್ದ. ಅದರಲ್ಲಿ ಹುಟ್ಟಿನ ಸಪ್ಪಳ. ಅಂಬವ್ವಕ್ಕ.

“ನಮ್ಮ ಮಾವನ ಬಾವಿ ಅದು. ಅವ ಇದ್ದಾಗೂ ಯಾರನ್ನೂ ಸುಮ್ನ ಬಿಡ್ತಿರಲಿಲ್ಲ” ಅಂದಳು. “ಹಗ್ಗ ಒಗೀಲೇನ್ರಿ ಕಾಕಾ?”

 ಉಸ್ತಾದ್ ಹಗ್ಗಕ್ಕೆ ಕೈ ಚಾಚಿದರು. ಅಷ್ಟು ಹಾರ್ಸ್‌ಪವರಿನ ದೋಣಿಯನ್ನು ಎರಡು ಹುಟ್ಟಿನ ದೋಣಿ, ಮೀನಿನ ಬುಟ್ಟಿ ಸಮೇತ, ದಂಡೆಗೆ ಎಳೆದು ತಂದಿತು.

ಹಿನ್ನೀರಿನಲ್ಲಿ ಆದದ್ದು ಆಟೋ ನಗರಕ್ಕೆ ಯಾರು ಹೇಳಬೇಕು? ನಾನು ಅದನ್ನೇ ಅಂದೆ. ಉಸ್ತಾದ್ ಕೇಳಲಿಲ್ಲ. ದೋಣಿಯನ್ನು ಟ್ರೇಲರ್ ಮೇಲೆ ಏರಿಸಿ ಜೀಪಿನ ಹಿಂದೆ ತರುವಾಗ, ಸಾಲಿನ ತುದಿಯಲ್ಲಿ ಜೀಪು ನಿಲ್ಲಿಸಿ, ಏಣಿ ಹಾಕಿಸಿಕೊಂಡು ದೋಣಿ ಹತ್ತಿ, ಸ್ಟೇರಿಂಗ್ ಮುಂದೆ ಕೂತರು. ಎರಡೂ ಜಾಕೆಟ್ ಇನ್ನೂ ಮೈಮೇಲೆ ಇದ್ದವು. ಸಾಲಿನವರು ಸೀಟಿ ಹೊಡೆಯಲು ಬೆರಳು ಬಾಯಿಗೆ ಇಟ್ಟವರು, ಉಸ್ತಾದರ ಮುಖ ನೋಡಿ ಬೆರಳು ಅಲ್ಲೇ ಬಿಟ್ಟರು. ಒಬ್ಬನೂ ನಗಲಿಲ್ಲ. ಅದು ಇನ್ನೂ ಕೆಟ್ಟದ್ದಾಗಿತ್ತು. ಶೆಡ್ ಮುಟ್ಟಿದ ಮೇಲೆ ಬಾಗಿಲಿನ ಸರಪಳಿಯಿಂದ ನಿಂಬೆಹಣ್ಣು ಬಿಚ್ಚಿ ಎಸೆದರು.

ಸಾವ್ಕಾರರು ಮರುದಿನ ಬಂದರು. “ಇಮಾಮಸಾಬ್, ಶಾಲಿ ಸೂಟಿ ಶುರು ಆಗಾಕತ್ತದ. ಇನ್ನೊಂದು ಸಲ ನೋಡ್ತೇನಿ. ಮತ್ತ ಹಗ್ಗದ ಮ್ಯಾಲ ಬಂತಂದ್ರ ಎರಡೂ ದೋಣಿ ರಿಪೇರಿಗೆ ಹೈದರಾಬಾದಿಗೆ ಕಳಸ್ತೇನಿ. ಬ್ಯಾಸರ ಮಾಡ್ಕೋಬ್ಯಾಡ್ರಿ.”

“ಮತ್ತ ಹಗ್ಗದ ಮ್ಯಾಲ ಬಂತಂದ್ರ ನಾನೂ ಕೈಯಾಗ ಪಾನಾ-ಸ್ಪ್ಯಾನರ್ ಹಿಡಿಯಲ್ಲ ಸಾವ್ಕಾರ್ರೆ. ಮನ್ಯಾಗ ಕುಂಡ್ರತೇನಿ” ಅಂದರು ಉಸ್ತಾದ್. ತಮಾಷೆಗೆ ಅಂದದ್ದಲ್ಲ. ಅವರು ತಮಾಷೆಗೆ ಏನೂ ಅನ್ನುತ್ತಿರಲಿಲ್ಲ, ಆ ಕೆಲಸ ನನಗೆ ಬಿಟ್ಟಿದ್ದರು.

ಹೊಸ ಗೇರು, ಹೊಸ ಶಾಫ್ಟ್ ಬಂದವು. ಕೂರಿಸಿದೆವು. ಉಸ್ತಾದ್ ಮತ್ತೆ ಲೇತಿನ ಹತ್ತಿರ ಹೋದರು. ಈ ಸಲ ಇನ್ನೂ ದಪ್ಪ ಬುಷ್ ಕಡೆಯಬೇಕಂತೆ. ನನ್ನ ಜೀವಮಾನದಲ್ಲಿ ಒಮ್ಮೆ ಧೈರ್ಯ ಬಂದದ್ದು ಆಗ. ಒಡೆದ ಹಲ್ಲುಗಳನ್ನು ಅಂಗೈಯಲ್ಲಿ ಹಿಡಿದು ಅವರ ಮುಂದೆ ನಿಂತೆ.

“ಉಸ್ತಾದ್, ಒಂದು ಮಾತು ಕೇಳ್ತೇನಿ. ಹೊಡೀಬಾರದು.”

“ಮಾತಿನ ಮ್ಯಾಲ ಅದ.”

“ಅವತ್ತು ತಂತಿ ಸುತ್ತಿದ್ದಕ್ಕ ನನ್ನ ಕಪಾಳಕ್ಕ ಯಾಕ ಹೊಡದ್ರಿ?”

“ಫ್ಯೂಸ್ ಇದ್ದ ಜಾಗಾದಾಗ ತಂತಿ ಸುತ್ತಿದ್ರ ಹೊಡೀದೇ ಮುತ್ತು ಕೊಡಬೇಕೇನು? ಫ್ಯೂಸ್ ಸಾಯಾಕ...”

ಅಲ್ಲಿಗೇ ನಿಂತರು. ಲೇತು ಸುಮ್ಮನೆ ತಿರುಗುತ್ತಿತ್ತು. ನನ್ನ ಅಂಗೈಯ ಹಲ್ಲುಗಳನ್ನು ನೋಡಿದರು. ಅವು ಲಾರಿ ಗೇರಿನ ಹಲ್ಲಿನ ಮುಂದೆ ಅಕ್ಕಿಕಾಳು. ನೀರಿನಲ್ಲಿ ಕೊರೆದು ಹೋಗಬೇಕಾದ ಕಾಲು, ತೆಳ್ಳಗೇ ಇರಬೇಕು. ಅಂಥ ತೆಳ್ಳಗಿನದಕ್ಕೆ ಕಲ್ಲಿಗೆ ಎದೆ ಕೊಡಲು ಆಗುವುದಿಲ್ಲ. ಕೊಡುವುದಕ್ಕೆ ಬೇರೆ ಏನೋ ಬೇಕು. ಅಗ್ಗದ್ದು, ಸುಲಭವಾಗಿ ಬದಲಾಯಿಸುವಂಥದು: ರಬ್ಬರು, ದೋಣಿಯ ಫ್ಯೂಸ್.

ಉಸ್ತಾದ್ ಲೇತ್ ಬಂದ್ ಮಾಡಿದರು. ಕಪಾಳ ಮುಂದೆ ಮಾಡಿದರು. “ಬಾ, ಹೊಡಿ.”

“ಬ್ಯಾಡ್ರಿ ಉಸ್ತಾದ್. ನಿಮ್ಮ ಕಡೆ ಇನ್ನೂ ಉದ್ರಿ ಇಟ್ಕೋತೇನಿ.”

ಹೊಸ ರಬ್ಬರ್ ಬುಷ್ ಕೂರಿಸಿದೆವು, ಅಲ್ಯುಮಿನಿಯಂ ಎಲೆಯ ಪಂಖಾ ಹಾಕಿದೆವು. ಪಿಚ್ಚನ್ನು ಮೀಟರ್ ನೋಡಿ, ಎತ್ತರವನ್ನು ಒಂದೊಂದೇ ತೂತು ಏರಿಸಿ ಸರಿಮಾಡಿದೆವು. ಸ್ಪ್ಲಿಟ್ ಪಿನ್ ಉಸ್ತಾದರೇ ಹಾಕಿದರು, ನನ್ನ ಕಿಸೆಗಳಲ್ಲಿ ಮೊಳೆ ಇದೆಯೇ ಎಂದು ತಡವಿ ನೋಡಿದ ಮೇಲೆ. ಅಂಬವ್ವಕ್ಕನಿಗೆ ಹೇಳಿ ಅವಳ ಮಾವನ ಬಾವಿಯ ಮೇಲೆ ಕೋಲು ನೆಟ್ಟು ಕೆಂಪು ಅರಿವೆ ಕಟ್ಟಿಸಿದೆವು.

ಸೂಟಿಯ ಮೊದಲ ದಿನ. ದಂಡೆಯಲ್ಲಿ ಸಾವ್ಕಾರರ ನೆಂಟರು, ಊರ ಮಂದಿ, ಐಸ್‌ಕ್ಯಾಂಡಿ ಗಾಡಿ. ಮೊದಲ ಸುತ್ತು ನಾವು ಮೂವರೇ. ಸ್ಟೇರಿಂಗ್ ಸಾವ್ಕಾರರದು. ದೋಣಿ ಬೆಣ್ಣೆಯ ಮೇಲೆ ಕತ್ತಿ ಹೋದಂತೆ ಹೋಯಿತು. ದಂಡೆಯ ಚಪ್ಪಾಳೆ ಕೇಳಿ ಸಾವ್ಕಾರರಿಗೆ ಹುರುಪು ಬಂತು. ಕೆಂಪು ಅರಿವೆ ಕಂಡಿತು. ಅದು ದೂರ ಇರಲು ಕಟ್ಟಿದ್ದು ಎಂಬುದು ಮರೆತು, ಅದನ್ನೇ ಸುತ್ತುಹಾಕಿ ಫೋಟೊಗೆ ಕೈ ಬೀಸಿದರು.

ಧಡ್.

ಎಂಜಿನ್ನು ಕಿರುಚಿತು. ಸಾವ್ಕಾರರು ಗಾಬರಿಯಿಂದ ರೇಸ್ ಬಿಟ್ಟರು. ಉಸ್ತಾದ್ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ನಾನು ಎಂಜಿನ್ ಎತ್ತಿ ನೋಡಿದೆ. ಒಂದು ಎಲೆ ನಾಯಿಕಿವಿಯಂತೆ ಮಡಚಿತ್ತು. ಇಳಿಸಿ, ಗೇರ್ ಹಾಕಿ, ಹಸುಗೂಸನ್ನು ನಡೆಸುವಂತೆ ಬಹಳ ಮೆಲ್ಲಗೆ ರೇಸ್ ಕೊಟ್ಟೆ. ಜಾರಿದ ರಬ್ಬರು ಜೋರಿಗೆ ಹಿಡಿಯುವುದಿಲ್ಲ, ಮೆಲ್ಲಗಾದರೆ ಹಿಡಿಯುತ್ತದೆ. ಹಿಡಿಯಿತು. ದೋಣಿ ನಡುಗುತ್ತ ಅಲ್ಲಾಡಿತು. ಮುಂದಕ್ಕೆ.

ಅಂಬವ್ವಕ್ಕ ಹುಟ್ಟು ಹಾಕಿಕೊಂಡು ಪಕ್ಕಕ್ಕೆ ಬಂದಳು. ನಮಗಿಂತ ಜೋರಾಗಿಯೇ ಬಂದಳು. ಹಗ್ಗ ಸುರುಳಿ ಬಿಚ್ಚಿದಳು.

“ಹಿಡೀರಿ ಕಾಕಾ. ಈ ಚಾಲದಾಗ ಹೋದ್ರ ಸೂಟಿ ಮುಗೀತದ.”

ಉಸ್ತಾದ್ ಕಣ್ಣು ತೆರೆದರು. ನೀರು ನೋಡಿದರು, ಹಿಂದಿನ ಬುಗ್ಗೆ ನೋಡಿದರು, ಹಗ್ಗ ನೋಡಿದರು. “ಹಗ್ಗ ನಿನ್ನ ಹತ್ರಾನೇ ಇಟ್ಕೋ ತಂಗಿ. ನಾವು ನಮ್ಮ ಕಾಲ್ಲೇ ಬರಾಕತ್ತೇವಿ.”

“ಕಾಲ್ಲೇ ಹೌದ್ರಿ. ಕುಂಟಕಾಲು.”

“ಕುಂಟಕಾಲಾದ್ರೂ ನಮ್ದೇ.”

ಅವಳು ನಮ್ಮನ್ನು ದಾಟಿ ಹೋಗಿ, ಬಲೆ ಬಿಟ್ಟು, ಬಲೆ ಎಳೆದು, ಮೀನು ಬಿಡಿಸಿ ತಿರುಗಿ ಬಂದಾಗಲೂ ನಾವು ಬರುತ್ತಲೇ ಇದ್ದೆವು. ದಂಡೆಯ ಮಂದಿ ಐಸ್‌ಕ್ಯಾಂಡಿ ತಿಂದು ಮುಗಿಸಿದ್ದರು. ದೋಣಿಯ ಮೂತಿ ಮಣ್ಣು ಮುಟ್ಟಿತು. ಸಾವ್ಕಾರರು ತಾವೇ ಗುದ್ದಿಸಿದವರಾದ್ದರಿಂದ ಏನೂ ಹೇಳುವ ಹಾಗಿರಲಿಲ್ಲ. ಕೆಳಗಿಳಿದು, ಧೋತರ ಹಿಂಡಿಕೊಂಡು, ಕೇಳಿದರು.

“ಒಳಗ ಗೇರ್?”

“ಗೇರ್ ನಿಮ್ಮ ಮದುವ್ಯಾಗ ಕಟ್ಟಿದ ಬಾಸಿಂಗದಂಗ ಅದ್ರಿ. ಒಂದು ಮುತ್ತು ಉದುರಿಲ್ಲ” ಅಂದೆ.

“ಹಂಗಾದ್ರ ಎರಡನೇ ದೋಣಿ ಬಿಡ್ರಿ ನೀರಿಗೆ. ಮಂದಿ ಕಾಯಾಕತ್ತಾರ. ಸ್ಟೇರಿಂಗ್ ಸಿದ್ಯಾ ಹಿಡೀಲಿ, ನಾ ಬ್ಯಾಡ. ಅದರ ಪಂಖಾದಾಗೂ ರಬ್ಬರೇ ಇರಲಿ.”

ಇಷ್ಟಕ್ಕೇ ಮುಗಿಸಿದ್ದರೆ ನಾನು ಬುದ್ಧಿವಂತ ಅಂತ ನೀವು ತಪ್ಪು ತಿಳಿಯುವ ಸಾಧ್ಯತೆ ಇತ್ತು. ಬುಷ್ ಬದಲಿಸಿ, ಒಳಗೆಲ್ಲ ಬಿಚ್ಚಿ ನೋಡಲು ದೋಣಿಯನ್ನು ಶೆಡ್ಡಿಗೆ ತರಲೇಬೇಕಿತ್ತು. ದೋಣಿಗೆ ಗಾಲಿಯಿಲ್ಲ. ಕೆಟ್ಟರೂ ಟ್ರೇಲರ್, ಗೆದ್ದರೂ ಟ್ರೇಲರ್. ಜೀಪು ಆಟೋ ನಗರದ ತಿರುವಿಗೆ ಬಂದದ್ದೇ ತಡ, ಯಾರೋ “ಮತ್ತ ಟೋಚನ್!” ಅಂತ ಕೂಗಿದರು. ಈ ಸಲ ಯಾರೂ ಬೆರಳು ತಡೆಯಲಿಲ್ಲ. ಸೀಟಿಯೇ ಸೀಟಿ, ಡಬ್ಬಿ ಬಡಿತ, ಒಬ್ಬ ಲಾರಿಯೊಳಗಿಂದ ಹಾರ್ನ್ ಒತ್ತಿ ಹಿಡಿದ.

ನಾನು ಜೀಪಿನಿಂದ ತಲೆ ಹೊರಗೆ ಹಾಕಿದೆ. “ಉಸ್ತಾದ್, ಹೇಳ್ತೇನ್ರಿ ಇವ್ರಿಗೆ. ನೀರಾಗ ತಾನೇ ಬಂದದ, ಹಗ್ಗ ಮುಟ್ಟಿಲ್ಲ ಅಂತ.”

“ಸುಮ್ನಿರು. ಜೀಪ್ ನಿಂದ್ರಸು. ಏಣಿ ಹಾಕು.”

“ಯಾಕ್ರಿ? ಇದು ಟೋಚನ್ ಅಲ್ಲಲ್ಲ!”

“ಅದಕ್ಕೇ.”

ಎರಡು ಜಾಕೆಟ್ ತೊಟ್ಟು ದೋಣಿ ಹತ್ತಿದರು. ಸ್ಟೇರಿಂಗ್ ಮುಂದೆ ಕೂರದೆ, ಹಿಂದಕ್ಕೆ ಹೋಗಿ, ಎಂಜಿನ್ನಿನ ತಲೆಯ ಮೇಲೆ ಒಂದು ಕೈ ಇಟ್ಟು ನಿಂತರು. ಸಾಲಿನ ಆ ತುದಿಯಿಂದ ಈ ತುದಿಯವರೆಗೆ, ಸೀಟಿ ಹೊಡೆದ ಒಬ್ಬೊಬ್ಬರಿಗೂ, ಕುದುರೆ ಏರಿದ ಮದುಮಗನಂತೆ ತಲೆ ಬಾಗಿಸಿ ಸಲಾಂ ಮಾಡುತ್ತ ಹೋದರು. ಶೆಡ್ ಮುಟ್ಟಿದ ಮೇಲೆ ಕೆಳಗಿಳಿದು, ಬಾಗಿಲಿನ ಬರಿ ಸರಪಳಿ ಮುಟ್ಟಿ ನೋಡಿ, “ಸಿದ್ಯಾ, ಬಜಾರಕ್ಕ ಹೋಗು. ನಿಂಬಿಹಣ್ಣು ತಗೊಂಡು ಬಾ” ಅಂದರು.